ಬೆಂಕಿಗೆ ಮೊದಲು ಗಾಳಿಯ ಮಾತು

ಕಾಡಿಗೆ ಬೆಂಕಿ ಬಿದ್ದಿತೆಂದರೆ ನಮ್ಮ ಎದೆ ನಡುಗುತ್ತದೆ. ಆದರೆ ಕಾಡನ್ನು ಉಳಿಸಲೆಂದೇ ಬೆಂಕಿ ಹಚ್ಚುವವರೂ ಉಂಟು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬಿರುಬೇಸಗೆಗೆ ಮುನ್ನ ಹಚ್ಚುತ್ತಿದ್ದ ‘ತರಗು ಬೆಂಕಿ’ ಅಂಥದು. ನೆಲದ ತರಗೆಲೆ ಮೆಲ್ಲನೆ ಉರಿದುಹೋದರೆ ಮುಂದೆ ದೊಡ್ಡ ಕಿಚ್ಚಿಗೆ ಆಹಾರ ಉಳಿಯದು. ಇಂಥದೇ ಎಣಿಕೆಯಿಂದ ಅಮೆರಿಕದಲ್ಲಿಯೂ ಪ್ರತಿವರ್ಷ ಲಕ್ಷಾಂತರ ಎಕರೆ ನೆಲದ ತರಗು, ಕುರುಚಲುಗಳನ್ನು ಯೋಜಿಸಿ ಸುಡುತ್ತಾರೆ.

ಅಲ್ಲಿ ಪಂಜು ಹೊತ್ತಿಸುವ ಮೊದಲು ಹವೆಯನ್ನು ಬಲ್ಲವರು ಮಾತಾಡಬೇಕು. ನಾನು ಇಂದು ಹೇಳಹೊರಟಿರುವುದು ಅವರ ವಿಷಯ. ಸುಡುವ ತಾಣವನ್ನು ತಿಳಿಸಿದರೆ ರಾಷ್ಟ್ರೀಯ ಹವಾಮಾನ ಸೇವೆಯು ಆ ತಾಣಕ್ಕೆಂದೇ ಮುನ್ಸೂಚನೆ ಕೊಡುತ್ತದೆ. ಕೆಲವು ವೇಳೆ ತಜ್ಞರೇ ಸ್ಥಳಕ್ಕೆ ಬಂದು ನಿಲ್ಲುತ್ತಾರೆ. ಏಕೆಂದರೆ ಬಯಲಿನ ಗಾಳಿಯ ರೀತಿಯೇ ಬೇರೆ, ಕಣಿವೆಯದೇ ಬೇರೆ. ಹಗಲು ಬಿಸಿಲೇರಿದಂತೆ ಗಾಳಿ ಇಳಿಜಾರನ್ನು ಹತ್ತುತ್ತದೆ. ಇರುಳು ತಣ್ಣಗಾಗಿ ಕೆಳಗಿಳಿಯುತ್ತದೆ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕವೊಂದನ್ನೂ ಒಣ ಉಷ್ಣಮಾಪಕವೊಂದನ್ನೂ ಜೊತೆಯಾಗಿ ಗಾಳಿಯಲ್ಲಿ ತಿರುಗಿಸಿ, ಎರಡರ ಅಂತರದಿಂದ ತೇವವನ್ನು ಅಳೆಯುತ್ತಾರೆ. ತೇವ ಹೆಚ್ಚಾದರೆ ತರಗು ಹೊತ್ತದು. ಕಡಿಮೆಯಾದರೆ ಕಿಡಿ ಬಿದ್ದಲ್ಲೆಲ್ಲ ಹೊತ್ತುತ್ತದೆ. ಗಾಳಿ ತೀರ ನಿಂತರೂ ಕಷ್ಟವೇ, ಹೊಗೆ ಊರಿನ ಮೇಲೆ ಕವಿಯುತ್ತದೆ. ಇಷ್ಟೆಲ್ಲದರ ನಡುವೆ ದೊರೆಯುವ ಕೆಲವು ಗಂಟೆಗಳೇ ಸುಡುವ ಮುಹೂರ್ತ.

ಮುಹೂರ್ತ ತಪ್ಪಿದರೆ? 2000ದ ಮೇ 4ರಂದು ನ್ಯೂ ಮೆಕ್ಸಿಕೋದ ಬ್ಯಾಂಡಲಿಯರ್ ರಕ್ಷಿತ ಪ್ರದೇಶದಲ್ಲಿ ಹಚ್ಚಿದ ಬೆಂಕಿ ಹದ್ದು ಮೀರಿತು. ಆರು ದಿನಗಳ ಬಳಿಕ ಬಿರುಗಾಳಿಯ ಬೆನ್ನೇರಿ, ಅಣುಬಾಂಬಿನ ತವರಾದ ಲಾಸ್ ಅಲಾಮೋಸ್ ಪಟ್ಟಣಕ್ಕೆ ನುಗ್ಗಿ 200ಕ್ಕೂ ಹೆಚ್ಚು ಮನೆಗಳನ್ನು ಸುಟ್ಟಿತು. 2022ರಲ್ಲಿ ಅದೇ ರಾಜ್ಯದಲ್ಲಿ, ಜನವರಿಯಲ್ಲಿ ಸುಟ್ಟ ಕಟ್ಟಿಗೆ ರಾಶಿಗಳ ಕೆಂಡ ಹಿಮದಡಿಯಲ್ಲಿ ಉಳಿದು ಏಪ್ರಿಲ್‌ನಲ್ಲಿ ಎದ್ದಿತು. ಏಪ್ರಿಲ್ 6ರಂದು ಹಚ್ಚಿದ ಮತ್ತೊಂದು ಯೋಜಿತ ಬೆಂಕಿಯೂ ಗಾಳಿಗೆ ಸಿಕ್ಕಿ ಕೈಮೀರಿತು. ಎರಡೂ ಕೂಡಿ 3,41,000 ಎಕರೆಗೂ ಹೆಚ್ಚು ನೆಲವನ್ನು ಆಹುತಿ ತೆಗೆದುಕೊಂಡವು. ಸಿಬ್ಬಂದಿ ತಿಳಿದದ್ದಕ್ಕಿಂತ ಕಾಡು ಎಷ್ಟೋ ಹೆಚ್ಚು ಒಣಗಿತ್ತೆಂದು ಅರಣ್ಯ ಸೇವೆಯ ಪರಿಶೀಲನೆಯೇ ಅನಂತರ ಹೇಳಿತು.

ಜನ, ವಾಹನ, ಅನುಮತಿ ಎಲ್ಲವೂ ಸಿದ್ಧವಾಗಿರುವಾಗ ‘ಇಂದು ಬೇಡ’ ಎನ್ನುವುದು ಸುಲಭವಲ್ಲ. ಹಾಗೆಂದು ದಿನವೂ ಬೇಡವೆನ್ನುತ್ತ ಹೋದರೆ ತರಗು ಬೆಳೆಯುತ್ತಲೇ ಇರುತ್ತದೆ. ಮುಂದೆಂದೋ ಸಿಡಿಲಿಗೋ ಸಿಗರೇಟಿನ ಕಿಡಿಗೋ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಈ ಎರಡು ಅಪಾಯಗಳನ್ನೂ ತೂಗಿ ಹೇಳುವವರ ಮಾತಿಗೆ ಕಿವಿಗೊಡುವ ಸಂಯಮ ಪಂಜು ಹಿಡಿದವರಿಗೆ ಬೇಕು. ಬೇಡವೆಂದು ತಡೆದ ದಿನ ಉಳಿದುಕೊಂಡ ಊರಿನ ಹೆಸರು ಯಾವ ಪತ್ರಿಕೆಯಲ್ಲಿಯೂ ಬರುವುದಿಲ್ಲ. ಆದರೂ ಈ ವಿದ್ಯೆಗೆ ಸಲ್ಲಬೇಕಾದ ಮನ್ನಣೆ ಅಂಥ ದಿನಗಳಿಗಾಗಿಯೇ ಎಂದು ನನಗೆ ತೋರುತ್ತದೆ.