ಚದುರಿದ ಅಕ್ಷರ, ಕೂಡಿದ ಮನಸ್ಸು
(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)

 

ಇಂಥ ಸಭೆಗಳಲ್ಲಿ ಶಿಕ್ಷಣದ ಮಹತ್ವ, ಸರಕಾರದ ಸೌಲಭ್ಯ, ಸ್ಪರ್ಧಾತ್ಮಕ ಪರೀಕ್ಷೆಗಳ ಬಗ್ಗೆ ಮಾತನಾಡುವುದು ವಾಡಿಕೆ. ನಾನು ಒಂದು ಸಣ್ಣ ವಿಷಯ ಎತ್ತಿಕೊಂಡಿದ್ದೇನೆ. ಅದು ದಿನಪತ್ರಿಕೆಯ ಮೂಲೆಯಲ್ಲಿ ಬರುವ ಪದದ ಆಟ. ಅಕ್ಷರಗಳನ್ನು ಅದಲು ಬದಲು ಮಾಡಿ ಕೊಟ್ಟಿರುತ್ತಾರೆ, ಸರಿಯಾದ ಶಬ್ದವನ್ನು ನಾವು ಹುಡುಕಬೇಕು. ಇದನ್ನು ಒಬ್ಬರೇ ಕುಳಿತು ಬಿಡಿಸಬಹುದು. ಆದರೆ ನಾಲ್ಕು ಜನ ಗೆಳೆಯರು ಒಂದೇ ಪತ್ರಿಕೆಯ ಮೇಲೆ ಬಾಗಿ ಬಿಡಿಸುವ ಸಂತೋಷವೇ ಬೇರೆ. ಆ ಸಂತೋಷದಿಂದ ನಮ್ಮ ಮಕ್ಕಳಿಗೆ ಆಗುವ ದೊಡ್ಡ ಲಾಭವನ್ನು ಇಂದು ಹೇಳಬೇಕೆಂದಿದ್ದೇನೆ.

ಪತ್ರಿಕೆಯ ಪದಬಂಧ ಹುಟ್ಟಿದ್ದು 1913ರ ಡಿಸೆಂಬರ್ 21ರಂದು. ಆರ್ಥರ್ ವಿನ್ ಎಂಬುವರು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಗಾಗಿ ಅದನ್ನು ರಚಿಸಿದರು. ಅಕ್ಷರ ಕಲಸಿ ಕೊಡುವ ‘ಜಂಬಲ್’ ಬಂದದ್ದು 1954ರಲ್ಲಿ. ಅದನ್ನು ರೂಪಿಸಿದವರು ಮಾರ್ಟಿನ್ ನೇಡೆಲ್. ಅದರಲ್ಲಿ ನಾಲ್ಕು ಶಬ್ದಗಳನ್ನು ಬಿಡಿಸಿ, ವೃತ್ತದೊಳಗಿನ ಅಕ್ಷರಗಳನ್ನು ಕೂಡಿಸಿದರೆ ವ್ಯಂಗ್ಯಚಿತ್ರದ ಉತ್ತರ ಸಿಗುತ್ತದೆ. ನಮ್ಮ ಕನ್ನಡದಲ್ಲಿ ಕೋಲಾರ ಜಿಲ್ಲೆಯವರಾದ ಎ.ಎನ್. ಪ್ರಹ್ಲಾದರಾವ್ ಅವರು ಸಾವಿರಾರು ಪದಬಂಧಗಳನ್ನು ರಚಿಸಿ ಈ ಆಟವನ್ನು ಮನೆ ಮನೆಗೆ ಮುಟ್ಟಿಸಿದ್ದಾರೆ.

ಇಂಗ್ಲಿಷಿನಲ್ಲಿ ಬೇರೆ ಬೇರೆಯಾದ ಆರು ಅಕ್ಷರಗಳನ್ನು 720 ರೀತಿಯಲ್ಲಿ ಜೋಡಿಸಬಹುದು. ಕನ್ನಡದ ರೀತಿ ಬೇರೆ. ಇಲ್ಲಿ ಸ್ವರ, ವ್ಯಂಜನ, ಒತ್ತು ಎಲ್ಲವೂ ಕೂಡಿ ಒಂದು ಅಕ್ಷರವಾಗುತ್ತದೆ. ಮುಂಡರಗಿ ಎಂಬಲ್ಲಿ ಮುಂ, ಡ, ರ, ಗಿ ಎಂದು ನಾಲ್ಕೇ ಅಕ್ಷರ, ಜೋಡಣೆಗಳು 24. ‘ಟ್ಟಿ-ಹ-ರ-ಶಿ’ ಎಂದು ಕೊಟ್ಟರೆ ಚುರುಕಾದ ಹುಡುಗಿ ಕೂಡಲೇ ಹೇಳುತ್ತಾಳೆ: ‘ಕನ್ನಡದಾಗ ಟ್ಟಿ ಮೊದಲು ಬರೂದುಲ್ರೀ!’ ಆಗ 24ರಲ್ಲಿ 6 ಹೋಗಿ 18 ಉಳಿಯುತ್ತವೆ. ಸ್ವಲ್ಪ ಹೊತ್ತಿಗೆ ಶಿರಹಟ್ಟಿ ಎದ್ದು ನಿಲ್ಲುತ್ತದೆ. ವ್ಯಾಕರಣದ ತಾಸಿನಲ್ಲಿ ಬೇಸರ ತರುವ ನಿಯಮ ಇಲ್ಲಿ ಆಟದ ಉಪಾಯವಾಯಿತು.

ಇನ್ನು ನಮ್ಮ ಗದಗ! ಹಿಂದಿನಿಂದ ಓದಿದರೂ ಗದಗ. ಕನಕ, ನಯನ ಎಂಬ ಶಬ್ದಗಳೂ ಹಾಗೆಯೇ. ಉರ್ದು ಮತ್ತು ಫಾರಸಿ ಕಾವ್ಯಶಾಸ್ತ್ರದಲ್ಲಿ ಅಕ್ಷರಗಳನ್ನು ತಿರುಗಿಸುವ ಚಮತ್ಕಾರಕ್ಕೆ ‘ಕಲ್ಬ್’ ಎಂದು ಹೆಸರು. ಎರಡೂ ಕಡೆಯಿಂದ ಒಂದೇ ಆಗಿ ಓದಿಸಿಕೊಳ್ಳುವುದು ‘ಕಲ್ಬ್-ಎ-ಮುಸ್ತವೀ’. ಸಂಸ್ಕೃತ-ಕನ್ನಡ ಪಂಡಿತರು ಇದನ್ನೇ ‘ಗತಪ್ರತ್ಯಾಗತ’ ಎಂದರು. ಅಮೀರ್ ಖುಸ್ರೋ ಹೆಸರಿನಲ್ಲಿ ಪಹೇಲಿಗಳು ಇಂದಿಗೂ ಜನರ ಬಾಯಲ್ಲಿವೆ. ನಮ್ಮ ಹಳ್ಳಿಗಳಲ್ಲಿ ಒಡಪು, ಒಗಟುಗಳಿವೆ. ಹೀಗಾಗಿ ಶಬ್ದದ ಜೊತೆ ಆಡುವುದು ನಮಗೆ ಎರಡೂ ಕಡೆಯಿಂದ ಬಂದ ಆಸ್ತಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಅನೇಕ ಮಕ್ಕಳು ಮನೆಯಲ್ಲಿ ದಖನಿ ಉರ್ದು ಮಾತನಾಡುತ್ತಾರೆ. ಉರ್ದು ಮಾಧ್ಯಮದಲ್ಲಿ ಕಲಿತು ಮುಂದೆ ಕನ್ನಡದ ತರಗತಿಗೆ ಬಂದಾಗ ತಪ್ಪಾದೀತು, ಪಕ್ಕದವರು ನಕ್ಕಾರು ಎಂದು ಬಾಯಿ ತೆರೆಯುವುದಿಲ್ಲ. ಬುದ್ಧಿ ಇದ್ದೂ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂಡುತ್ತಾರೆ. ಇದು ಸಣ್ಣ ನಷ್ಟವಲ್ಲ. ಈ ಮೌನದಿಂದಲೇ ಎಷ್ಟೋ ಜನರ ಓದು ಅರ್ಧಕ್ಕೆ ನಿಂತಿದೆ.

ಅಂಥ ವಿದ್ಯಾರ್ಥಿಯ ಮುಂದೆ ‘ನೆ-ಖಾ-ವಾ-ದ’ ಎಂದು ಬರೆದು ಇಡಿರಿ. ಎಲ್ಲರಿಗಿಂತ ಮೊದಲು ಅವನೇ ‘ದವಾಖಾನೆ’ ಎನ್ನುತ್ತಾನೆ. ‘ಲೆ-ಖ-ದಾ’ ಎಂದರೆ ದಾಖಲೆ, ‘ದೆ-ಮ-ಸೂ’ ಎಂದರೆ ಮಸೂದೆ. ಅರ್ಜಿ, ವಕೀಲ, ಕಾಗದ, ಜಮೀನು ಇವೆಲ್ಲ ಅರಬ್ಬಿ-ಫಾರಸಿಯಿಂದ ಬಂದು ಕನ್ನಡದ್ದೇ ಆಗಿಹೋದ ಶಬ್ದಗಳು. ತನ್ನ ಮನೆಯ ಮಾತು ಕನ್ನಡದ ಒಳಗೇ ಇದೆ ಎಂದು ತಿಳಿದ ಮಗು ಕನ್ನಡಕ್ಕೆ ಅಂಜುವುದಿಲ್ಲ. ಆದಿಕವಿ ಪಂಪನು ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡ ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಆ ನೆಲದಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕನ್ನಡ ಪರರ ಭಾಷೆ ಆಗುವುದಾದರೂ ಹೇಗೆ?

ಆದ್ದರಿಂದ ನನ್ನ ಸೂಚನೆ ಸರಳವಾಗಿದೆ. ಪ್ರತಿ ಶಾಲೆಯಲ್ಲಿ, ಪ್ರತಿ ವಾಚನಾಲಯದಲ್ಲಿ ಐದಾರು ಜನರ ಒಂದು ಪದಬಂಧ ಬಳಗ ಇರಲಿ. ಒಂದು ಪತ್ರಿಕೆ, ಒಂದು ಪೆನ್ಸಿಲ್, ಹದಿನೈದು ನಿಮಿಷ ಸಾಕು. ಕನ್ನಡ ಬಲ್ಲವರು, ಉರ್ದು ಬಲ್ಲವರು ಕೂಡಿ ಕೂಡಲಿ. ನೆರೆಹೊರೆಯ ಎಲ್ಲ ಸಮಾಜದ ಮಕ್ಕಳೂ ಬರಲಿ. ಉತ್ತರ ಗೊತ್ತಾದವರು ತಕ್ಷಣ ಕೂಗಿ ಹೇಳಬಾರದು, ಸುಳಿವು ಮಾತ್ರ ಕೊಡಬೇಕು. ತಪ್ಪು ಹೇಳಿದವರನ್ನು ನೋಡಿ ನಗಬಾರದು. ಹೊಸ ಶಬ್ದ ಸಿಕ್ಕರೆ ನಿಘಂಟು ತೆರೆದು ನೋಡಬೇಕು. ಮೊಬೈಲಿನಲ್ಲಿ ಉತ್ತರ ಹುಡುಕಿದರೆ ಆಟ ಅಲ್ಲಿಗೆ ಮುಗಿಯಿತು.

ಹಿರಿಯರಲ್ಲಿ ಕೆಲವರಿಗೆ ಇದು ಜೂಜಿನ ಹಾದಿ ಆದೀತೇ ಎಂಬ ಸಂಶಯ ಬರಬಹುದು. ಹಿಂದೆ ಪ್ರವೇಶ ಶುಲ್ಕ ಪಡೆದು ದೊಡ್ಡ ಬಹುಮಾನದ ಆಸೆ ತೋರಿಸುವ ಪದಬಂಧ ಸ್ಪರ್ಧೆಗಳಿದ್ದವು. ಅಂಥ ಸ್ಪರ್ಧೆಗಳ ನಿಯಂತ್ರಣಕ್ಕಾಗಿಯೇ 1955ರಲ್ಲಿ ಕೇಂದ್ರ ಕಾಯ್ದೆ ಬಂದಿತು. ನಾನು ಹೇಳುತ್ತಿರುವ ಆಟದಲ್ಲಿ ಹಣವಿಲ್ಲ, ಗೆದ್ದವರು ಸೋತವರು ಎಂಬುದೂ ಇಲ್ಲ.

ಇಂಗ್ಲಿಷಿನಲ್ಲಿ ‘ಲಿಸನ್’ ಎಂದು ಬರೆಯುವ ಆರು ಅಕ್ಷರಗಳನ್ನೇ ಬೇರೆ ರೀತಿ ಜೋಡಿಸಿದರೆ ‘ಸೈಲೆಂಟ್’ ಆಗುತ್ತದೆ. ಕೇಳಿಸಿಕೊಳ್ಳಬೇಕಾದವರು ನಾವು ಹಿರಿಯರು. ನಾವು ಸುಮ್ಮನಾಗಿ ಕೇಳಿದರೆ ಮಕ್ಕಳು ಮಾತನಾಡುತ್ತಾರೆ. ಪವಿತ್ರ ಕುರ್‌ಆನಿನಲ್ಲಿ ಮೊಟ್ಟಮೊದಲು ಅವತೀರ್ಣವಾದ ಆದೇಶವೇ ‘ಓದು’ ಎಂಬುದು. ಆ ಓದಿಗೆ ಇಂಥ ಸಣ್ಣ ಬಾಗಿಲುಗಳನ್ನೂ ತೆರೆದಿಡೋಣ. ಅಲ್ಲಾಹನು ನಮ್ಮ ಮಕ್ಕಳಿಗೆ ಜ್ಞಾನವನ್ನೂ ಧೈರ್ಯವನ್ನೂ ದಯಪಾಲಿಸಲಿ ಎಂದು ಪ್ರಾರ್ಥಿಸುತ್ತೇನೆ.