ಮೋಟಾರಿನ ಕಾವು



ಕೆನಡಾದಂತಹ ಶೀತದೇಶಗಳಲ್ಲಿ ಮೋಟಾರುಕಾರಿನ ಬಿಸಿಗಾಳಿಯು ಕೇವಲ ಸುಖಸಾಧನವಲ್ಲ. ಮುಂಗಾಜಿಗೆ ಕವಿದ ಹಿಮವನ್ನು ಕರಗಿಸಿ ದಾರಿ ಕಾಣಿಸುವುದೂ ಅದೇ. ಎಷ್ಟು ದೂರ ಓಡಿಸಿದರೂ ಉಷ್ಣಮಾಪಕದ ಮುಳ್ಳು ಮೇಲೇಳದೆ, ಗಾಳಿ ಬೆಚ್ಚಗಾಗದೆ ಇದ್ದರೆ, ಮೊದಲು ಎಂಜಿನ್ನನ್ನು ತಂಪಾಗಿಡುವ ದ್ರವದ ಮಟ್ಟವನ್ನು ನೋಡತಕ್ಕದ್ದು. ಅದು ಸರಿಯಾಗಿದ್ದರೆ ಥರ್ಮೋಸ್ಟ್ಯಾಟನ್ನು ಸಂದೇಹಿಸಬೇಕು.

ಇದು ಎಂಜಿನ್ನಿಗೂ ರೇಡಿಯೇಟರಿಗೂ ನಡುವಣ ಒಂದು ಪುಟ್ಟ ಬಾಗಿಲು. ಇದರೊಳಗಿನ ಮೇಣವು ಸುಮಾರು 80ರಿಂದ 90 ಡಿಗ್ರಿ ಸೆಂಟಿಗ್ರೇಡ್ ಕಾವಿಗೆ ಕರಗಿ, ಹಿಗ್ಗಿ, ಬಾಗಿಲನ್ನು ತೆರೆಯುತ್ತದೆ. ತೆರೆದ ಬಾಗಿಲು ಮತ್ತೆ ಮುಚ್ಚದಿದ್ದರೆ ದ್ರವವು ಸದಾ ರೇಡಿಯೇಟರಿಗೆ ಹರಿದು, ಕಾವೇರುವುದೇ ಇಲ್ಲ.

ಅನೇಕ ಕಾರುಗಳಲ್ಲಿ ಇದನ್ನು ಮನೆಯಲ್ಲಿಯೇ ಬದಲಾಯಿಸಬಹುದು. ಎಂಜಿನ್ ಪೂರ್ಣವಾಗಿ ಆರಿದ ಮೇಲೆಯೇ ರೇಡಿಯೇಟರಿನ ಮುಚ್ಚಳವನ್ನು ತೆಗೆಯಬೇಕು. ಇಲ್ಲವಾದರೆ ಕುದಿಯುವ ದ್ರವ ಚಿಮ್ಮಿ ಮೈ ಸುಟ್ಟೀತು. ದ್ರವವನ್ನು ಪಾತ್ರೆಗಿಳಿಸಿ, ಕವಚದ ಬೋಲ್ಟುಗಳನ್ನು ಬಿಚ್ಚಿ, ಹಳೆಯದನ್ನು ಹೊರತೆಗೆಯಿರಿ. ತಣ್ಣಗಿರುವಾಗಲೇ ಅದು ಬಾಯಿ ತೆರೆದಿದ್ದರೆ ದೋಷವು ಅಲ್ಲಿಯೇ ಎಂಬುದು ಸಿದ್ಧ. ಹೊಸದರ ಮೇಣದ ಬುಡ್ಡಿಯು ಸಾಮಾನ್ಯವಾಗಿ ಎಂಜಿನ್ನಿನ ಕಡೆಗಿರಬೇಕು, ಗ್ಯಾಸ್ಕೆಟ್ಟೂ ಹೊಸದಾಗಿರಲಿ. ಬಳಿಕ ದ್ರವವನ್ನು ತುಂಬಿ, ಒಳಗೆ ಸಿಕ್ಕಿದ ಗಾಳಿಯನ್ನು ಹೊರಡಿಸಬೇಕು.

ಕಡೆಯದಾಗಿ ಒಂದು ಮಾತು. ಇಳಿಸಿದ ದ್ರವದಲ್ಲಿ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಇರುತ್ತದೆ. ರುಚಿಯಲ್ಲಿ ಸಿಹಿ, ಗುಣದಲ್ಲಿ ವಿಷ. ಆ ಪಾತ್ರೆಯು ಮಕ್ಕಳಿಗೂ ನಾಯಿಬೆಕ್ಕುಗಳಿಗೂ ಎಟುಕದಂತೆ ನೋಡಿಕೊಳ್ಳುವುದು ದುರಸ್ತಿಗಿಂತಲೂ ಮುಖ್ಯವಾದ ಕೆಲಸ.