ಹುಳಕ್ಕಿಂತ ಮೊದಲು ಗೂಡು ನೋಡಿ
(ಸಂಘದ ಸುರಕ್ಷತಾ ಮಾಹಿತಿ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಹೋದ ಸಲ ಬಿಸಿಲಾಘಾತದ ಬಗ್ಗೆ ಮಾತಾಡಿದ್ದೆವು. ಇವತ್ತಿನ ವಿಷಯ ಕಡಜ. ಕೆಲವರು ಕಡಜ ಅಂತೀರಿ, ಕೆಲವರು ಕಣಜ ಅಂತೀರಿ. ನಮ್ಮ ಮಲಯಾಳಿ ರೂಮ್‌ಮೇಟ್‌ಗಳು ಕಡನ್ನಲ್ ಅಂತಾರೆ. ಅರಬ್ಬಿಯಲ್ಲಿ ದಬ್ಬೂರ್. ಈ ಕೊನೆಯ ಪದ ನೆನಪಿರಲಿ, ನಾತೂರ್ ಹತ್ತಿರವೋ ಆಸ್ಪತ್ರೆಯಲ್ಲೋ ಹೇಳಬೇಕಾಗಿ ಬರಬಹುದು.

ಊರಲ್ಲಿ ಹೆಜ್ಜೇನಿನ ಹತ್ತಿರ ಹೋಗಬಾರದು ಅಂತ ನಮಗೆ ಯಾರೂ ಪಾಠ ಮಾಡಲಿಲ್ಲ. ಮರದಲ್ಲಿ ದೊಡ್ಡ ಹುಟ್ಟು ನೇತಾಡುತ್ತದೆ, ದೂರದಿಂದಲೇ ಕಾಣುತ್ತದೆ. ಇಲ್ಲಿ ಎಮಿರೇಟ್ಸ್‌ನಲ್ಲಿ ಕಥೆ ಉಲ್ಟಾ. ಕಣ್ಣೆದುರು ಕಾಣುವ ಗೂಡು ಹೆಚ್ಚಾಗಿ ನಿರುಪದ್ರವಿಯದ್ದು. ಅಪಾಯದ ಗೂಡು ನೆಲದೊಳಗೆ, ಗೋಡೆಯೊಳಗೆ ಅಡಗಿರುತ್ತದೆ. ಹಾಗಾಗಿ ನಾವು ಪಾಪದ ಹುಳವನ್ನು ಚಪ್ಪಲಿಯಲ್ಲಿ ಹೊಡೆಯುತ್ತೇವೆ, ಅಪಾಯದ ತೂತಿನ ಪಕ್ಕದಲ್ಲೇ ಡ್ರಿಲ್ ಹಚ್ಚುತ್ತೇವೆ.

ಮೊದಲು ನಿಜವಾದ ದೊಡ್ಡ ಕಡಜ. ವಿಜ್ಞಾನದ ಹೆಸರು ವೆಸ್ಪಾ ಓರಿಯೆಂಟಾಲಿಸ್. ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್, ರಾಣಿ ಇನ್ನೂ ದೊಡ್ಡದು. ಮೈ ಇಟ್ಟಿಗೆ ಬಣ್ಣ, ಮುಖ ಹಳದಿ, ಹೊಟ್ಟೆಯ ಹಿಂಭಾಗದಲ್ಲಿ ಅಗಲವಾದ ಹಳದಿ ಪಟ್ಟಿ. ನಮ್ಮೂರ ಕಡೆ ಕಾಣುವ, ಕಪ್ಪು ಮೈಗೆ ಒಂದೇ ಹಳದಿ ಪಟ್ಟಿ ಇರುವ ಕಡಜದ ದಾಯಾದಿ ಅಂತಿಟ್ಟುಕೊಳ್ಳಿ. ಖರ್ಜೂರ ಹಣ್ಣಾಗುವ ಕಾಲದಲ್ಲಿ ಹಣ್ಣಿನ ಅಂಗಡಿ, ಮೀನು ಮಾರುಕಟ್ಟೆ, ಕಸದ ಡಬ್ಬಿ, ಎಸಿಯಿಂದ ತೊಟ್ಟಿಕ್ಕುವ ನೀರು, ಎಲ್ಲಾ ಕಡೆ ಇದು ಹಾಜರ್. ಸಿಹಿಯೂ ಬೇಕು, ಮಾಂಸವೂ ಬೇಕು. ಜೇನು ಸಾಕುವವರಿಗಂತೂ ಇದು ದೊಡ್ಡ ಶತ್ರು, ಪೆಟ್ಟಿಗೆಗೇ ದಾಳಿ ಮಾಡುತ್ತದೆ.

ಇದರ ಇನ್ನೊಂದು ಗುಣ, ನಡು ಮಧ್ಯಾಹ್ನದ ಬಿಸಿಲಲ್ಲೇ ಇದಕ್ಕೆ ಹುರುಪು ಜಾಸ್ತಿ. ಮೈಮೇಲಿನ ಹಳದಿ ಪಟ್ಟಿ ಸೂರ್ಯನ ಬೆಳಕನ್ನು ಹೀರಿಕೊಳ್ಳುತ್ತದೆ ಅಂತ 2010ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ್ದಾರೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಹನ್ನೆರಡೂವರೆಯಿಂದ ಮೂರರ ತನಕ ನಮಗೆ ಹೊರಗಿನ ಕೆಲಸಕ್ಕೆ ವಿರಾಮ. ಅದಕ್ಕೆ ವಿರಾಮವಿಲ್ಲ!

ವಸಂತದಲ್ಲಿ ಒಂದೇ ರಾಣಿ ಗೂಡು ಶುರು ಮಾಡುತ್ತದೆ. ಬೇಸಿಗೆ ಮುಗಿಯುವ ಹೊತ್ತಿಗೆ ಅದೇ ಗೂಡಿನಲ್ಲಿ ನೂರಾರು ಹುಳ ತುಂಬಿರುತ್ತವೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹೆಚ್ಚು ಎಚ್ಚರ ಬೇಕು. ಗೂಡು ಇರುವುದು ನೆಲದ ಬಿಲದಲ್ಲಿ, ಗೋಡೆಯ ಟೊಳ್ಳಿನಲ್ಲಿ, ಹಳೇ ಕಲ್ಲಿನ ಸಂದಿಯಲ್ಲಿ. ಹೊರಗೆ ಕಾಣುವುದು ಒಂದು ತೂತು ಮಾತ್ರ.

ಎರಡನೆಯದು ತೆಳ್ಳಗಿನ ಹಳದಿ ಕಡಜ. ಹಾರುವಾಗ ಉದ್ದ ಕಾಲುಗಳು ಜೋತು ಬಿದ್ದಿರುತ್ತವೆ. ಗೂಡು ಕಾಗದದಂಥದ್ದು, ಮಗುಚಿದ ಪುಟ್ಟ ಕೊಡೆಯ ಹಾಗೆ, ಕೋಣೆಗಳೆಲ್ಲ ಕೆಳಗಿನಿಂದ ಕಾಣುತ್ತವೆ. ಎಸಿ ಔಟ್‌ಡೋರ್ ಯೂನಿಟ್, ಕಿಟಕಿಯ ಸಜ್ಜ, ಮೀಟರ್ ಬಾಕ್ಸ್ ಇದಕ್ಕೆ ಇಷ್ಟ. ತಾನಾಗಿ ಬರುವುದಿಲ್ಲ, ಗೂಡು ಮುಟ್ಟಿದರೆ ಕಚ್ಚದೆ ಬಿಡುವುದಿಲ್ಲ.

ಇನ್ನು ಸುಮ್ಮನೆ ಪೆಟ್ಟು ತಿನ್ನುವವು. ಒಂದು, ಕುಂಬಾರ ಹುಳ. ಕಪ್ಪು ಹಳದಿ ಮೈ, ದಾರದಷ್ಟು ತೆಳು ಸೊಂಟ. ಗೋಡೆ ಮೇಲೆ ಮಣ್ಣು ಮೆತ್ತಿ ಅದರೊಳಗೆ ಜೇಡ ತುಂಬಿಡುತ್ತದೆ. ಇಲ್ಲಿ ಇನ್ನೊಂದು ದೊಡ್ಡ ಜಾತಿ ಇದೆ, ಡೆಲ್ಟಾ ಅಂತ. ತುಕ್ಕಿನ ಬಣ್ಣ, ಸೊಂಟ ಸಣ್ಣ ಕಡ್ಡಿ. ದಬ್ಬೂರ್ ಅಂತ ಜನ ಓಡುವುದು ಹೆಚ್ಚಾಗಿ ಇದನ್ನು ನೋಡಿಯೇ. ಅದೂ ಮಣ್ಣಿನ ಗೂಡು ಕಟ್ಟುತ್ತದೆ, ಕಂಬಳಿಹುಳ ತುಂಬಿಡುತ್ತದೆ. ಇವೆಲ್ಲ ಒಂಟಿ ಹುಳಗಳು. ಕಾಯಲು ಸೈನ್ಯವಿಲ್ಲ, ಕೈಯಲ್ಲಿ ಹಿಡಿದು ಹಿಸುಕದಿದ್ದರೆ ಕಚ್ಚುವುದೂ ಅಪರೂಪ.

ಎರಡು, ದುಂಬಿ. ಗುಂಯ್ ಅಂತ ಬಂದು ಮರದ ಪರ್ಗೋಲಾದಲ್ಲಿ ಗುಂಡಗೆ ತೂತು ಕೊರೆಯುತ್ತದೆ. ಮುಖದ ಎದುರೇ ಬಂದು ನಿಂತು ಹೆದರಿಸುವುದು ಗಂಡು, ಅದಕ್ಕೆ ಮುಳ್ಳೇ ಇಲ್ಲ. ಮೂರು, ಕಡಜದ ವೇಷ ಹಾಕಿದ ನೊಣ. ಎರಡೇ ರೆಕ್ಕೆ, ದೊಡ್ಡ ಕಣ್ಣು, ಗಿಡ್ಡ ಮೀಸೆ. ಗಾಳಿಯಲ್ಲಿ ಒಂದೇ ಕಡೆ ನಿಲ್ಲುತ್ತದೆ, ಕಚ್ಚುವುದಿಲ್ಲ.

ಇಷ್ಟೆಲ್ಲ ಬಣ್ಣ, ಸೊಂಟ ನೆನಪಿಡುವುದು ಏಣಿ ಮೇಲೆ ನಿಂತವನಿಗೆ ಕಷ್ಟ, ಒಪ್ಪುತ್ತೇನೆ. ಅದಕ್ಕೇ ಹೇಳುವುದು, ಹುಳಕ್ಕಿಂತ ಮೊದಲು ಗೂಡು ನೋಡಿ. ಮಣ್ಣಿನ ಗೂಡಾದರೆ ಸಾಮಾನ್ಯವಾಗಿ ಒಂಟಿ ಹುಳ. ಕಾಗದದ ಗೂಡಾದರೆ ಗುಂಪು. ಗೂಡೇ ಕಾಣದಿದ್ದರೆ ಐದಾರು ಮೀಟರ್ ದೂರ ನಿಂತು ಎರಡು ನಿಮಿಷ ಗಮನಿಸಿ. ಒಂದೇ ತೂತಿಗೆ ಒಂದರ ಹಿಂದೆ ಒಂದು ಹುಳ ಹೋಗಿ ಬಂದು ಮಾಡುತ್ತಿದ್ದರೆ ಒಳಗೆ ಸಂಸಾರ ಇದೆ ಅಂತ ಅರ್ಥ. ಅಲ್ಲಿ ಡ್ರಿಲ್ ಬೇಡ, ಹುಲ್ಲು ಕತ್ತರಿಸುವ ಮೆಷಿನ್ ಬೇಡ. ಅದುರು ತಾಗಿದರೆ ಸಾಕು, ಗುಂಪು ಹೊರಗೆ ಬರುತ್ತದೆ. ಗೂಡಿನ ಹತ್ತಿರ ಒಂದನ್ನು ಜಜ್ಜಿದರೂ ಆ ವಾಸನೆಗೆ ಉಳಿದವು ಕೆರಳುತ್ತವೆ.

ಪೆಟ್ರೋಲ್ ಸುರಿದು ಬೆಂಕಿ ಹಚ್ಚಬೇಡಿ. ತೂತಿಗೆ ಸಿಮೆಂಟ್ ಮೆತ್ತಬೇಡಿ, ಬೇರೆ ದಾರಿ ಕೊರೆದು ರೂಮಿನೊಳಗೇ ಬರಬಹುದು. ಏಣಿ ಮೇಲಿದ್ದಾಗ ಕೈ ಬೀಸಬೇಡಿ. ಕಡಿತಕ್ಕಿಂತ ಎರಡನೇ ಮಹಡಿಯಿಂದ ಬೀಳುವುದು ದೊಡ್ಡದು. ಫೋನಿನಲ್ಲಿ ದೂರದಿಂದಲೇ ಫೋಟೋ ತೆಗೆದು ಫೋರ್‌ಮನ್‌ಗೆ ಕಳಿಸಿ. ಮನೆಯಲ್ಲಾದರೆ ನಾತೂರ್‌ಗೆ ಹೇಳಿ. ದುಬೈಯಲ್ಲಿರುವವರು ಬಲದಿಯಾದ 800900ಕ್ಕೆ ಫೋನ್ ಮಾಡಿ ಕೇಳಬಹುದು. ಗೂಡು ಇದೆ ಅಂತ ಕೆಲಸ ನಿಲ್ಲಿಸುವುದು ಕೆಲಸಗಳ್ಳತನ ಅಲ್ಲ ಸ್ವಾಮಿ. ಫೋರ್‌ಮನ್ ಆಗಿರುವ ನಮ್ಮವರೂ ಇಲ್ಲಿ ಕೂತಿದ್ದೀರಿ, ಈ ಮಾತು ನಿಮಗೂ.

ಕಚ್ಚಿದರೆ? ಮೊದಲು ಅಲ್ಲಿಂದ ದೂರ ಹೋಗಿ. ಜೇನಾದರೆ ಮುಳ್ಳು ಚರ್ಮದಲ್ಲೇ ಉಳಿಯುತ್ತದೆ, ಉಗುರಿನಿಂದಲೋ ಕಾರ್ಡಿನಿಂದಲೋ ಕೂಡಲೇ ಕೆರೆದು ತೆಗೆಯಿರಿ. ಕಡಜ ಮುಳ್ಳು ಬಿಡುವುದಿಲ್ಲ, ಅದಕ್ಕೇ ಒಂದೇ ಹುಳ ಎರಡು ಮೂರು ಸಲ ಕಚ್ಚುತ್ತದೆ. ಸೋಪು ಹಾಕಿ ತೊಳೆದು ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಕೈಗೆ ಕಚ್ಚಿದ್ದರೆ ಉಂಗುರ, ವಾಚು ತೆಗೆಯಿರಿ. ಸುಣ್ಣ, ಟೂತ್‌ಪೇಸ್ಟ್ ಹಚ್ಚುತ್ತಾ ಹೊತ್ತು ಕಳೆಯಬೇಡಿ.

ಮುಂದಿನ ಅರ್ಧ ಗಂಟೆ ಅವನೊಬ್ಬನನ್ನೇ ರೂಮಿಗೆ ಕಳಿಸಬೇಡಿ, ಜೊತೆಗಿರಿ. ಮೈಯೆಲ್ಲ ದದ್ದು ಏಳುವುದು, ತುಟಿ ನಾಲಿಗೆ ಊದುವುದು, ಉಸಿರು ಕಟ್ಟುವುದು, ವಾಂತಿ, ತಲೆ ಸುತ್ತು, ಇವು ಕಂಡರೆ ಅಲರ್ಜಿ ಪ್ರಾಣಕ್ಕೆ ಬಂದಿದೆ ಅಂತ ತಿಳಿಯಿರಿ. ತಕ್ಷಣ 998ಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಕರೆಸಿ. ಮಲಗಿಸಿ ಕಾಲು ಎತ್ತರದಲ್ಲಿಡಿ, ಉಸಿರಾಟ ಕಷ್ಟವಾದರೆ ಕೂರಿಸಿ, ನಡೆಸಬೇಡಿ. ಆಗ ಬೇಕಾದ ಮದ್ದು ಅಡ್ರಿನಾಲಿನ್ ಇಂಜೆಕ್ಷನ್, ಅಲರ್ಜಿ ಮಾತ್ರೆ ಅದರ ಬದಲಿಯಲ್ಲ. ಅಲರ್ಜಿ ಇಲ್ಲದವರಿಗೂ ತುಂಬಾ ಕಡೆ ಕಚ್ಚಿದ್ದರೆ ಆಸ್ಪತ್ರೆಗೆ ಹೋಗಲೇಬೇಕು, ಆ ವಿಷ ಕಿಡ್ನಿಗೆ ಪೆಟ್ಟು ಕೊಡಬಹುದು. ಊರಲ್ಲಿ ಹಿಂದೆ ಯಾವಾಗಾದರೂ ಕಚ್ಚಿ ಮೈಯೆಲ್ಲ ಊದಿದ್ದರೆ ಮುಚ್ಚಿಡಬೇಡಿ, ರೂಮಿನವರಿಗೂ ಫೋರ್‌ಮನ್‌ಗೂ ಹೇಳಿಡಿ, ಡಾಕ್ಟರನ್ನು ಕಾಣಿ.

ಊರಿಂದ ಹೊಸದಾಗಿ ಬಂದ ಹುಡುಗರು ಇವತ್ತು ಸಭೆಗೆ ಬಂದಿಲ್ಲ, ಅವರಿಗೆ ಡ್ಯೂಟಿ. ರಾತ್ರಿ ಊಟಕ್ಕೆ ಕೂತಾಗ ಎರಡೇ ವಿಷಯ ಅವರಿಗೆ ದಾಟಿಸಿ. ತೂತಿನ ಹತ್ತಿರ ಮೆಷಿನ್ ಹಚ್ಚುವ ಮೊದಲು ಎರಡು ನಿಮಿಷ ನೋಡು, ಕಚ್ಚಿಸಿಕೊಂಡವನನ್ನು ಒಂಟಿಯಾಗಿ ಬಿಡಬೇಡ.

ಚಹಾ ರೆಡಿ ಇದೆ, ಪ್ರಶ್ನೆಗಳಿದ್ದರೆ ಅಲ್ಲೇ ಮಾತಾಡೋಣ.